ಹುಮನಾಬಾದಿಗೆ ಹೋದ ಡಬ್ಬಿ

ಆಗೆಲ್ಲ ನಮ್ಮ ಬಸವಕಲ್ಯಾಣದಲ್ಲಿ ಸಂಕ್ರಾಂತಿಗೆ ಎಂಟು ದಿನ ಇರುವಾಗಲೇ ಓಣಿಯ ತುಂಬ ಶೇಂಗಾ ಹುರಿಯುವ ವಾಸನೆ ಏಳುತ್ತಿತ್ತು. ಶಾಲೆಯಿಂದ ಬರುವಾಗ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆಯಲ್ಲಿ ಹದವಾಗಿ ಹುರಿದಿದ್ದಾರೆ, ಯಾರ ಮನೆಯಲ್ಲಿ ಹೊತ್ತಿಸಿಕೊಂಡಿದ್ದಾರೆ ಎಂದು ಹೇಳಬಹುದಿತ್ತು. ನಾವು ಹುಡುಗಿಯರು ಗಲ್ಲಿಯಲ್ಲಿ ಕುಂಟಾಟ ಆಡುತ್ತ, ಯಾರಾದರೂ ಕರೆದು ಒಂದು ಹಿಡಿ ಬಿಸಿ ಶೇಂಗಾ ಕೊಟ್ಟಾರೇನೋ ಎಂದು ಬಾಗಿಲುಗಳ ಮೇಲೊಂದು ಕಣ್ಣಿಟ್ಟಿರುತ್ತಿದ್ದೆವು. ನಿಮ್ಮ ಊರಿನಲ್ಲೂ ಹೀಗೆಯೇ ಇದ್ದಿರಬೇಕು.

ನಮ್ಮ ಮನೆಯಿಂದ ಮಾತ್ರ ಎರಡು ವರ್ಷದಿಂದ ಆ ವಾಸನೆ ಎದ್ದಿರಲಿಲ್ಲ. ನಾನು ಹೇಳುತ್ತಿರುವುದು ಅದರ ಮುಂದಿನ ಸಂಕ್ರಾಂತಿಯ ಮಾತು. ಆಗ ನಾನು ಐದನೇ ಇಯತ್ತೆ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಶರಣಮ್ಮ, ಚಿಕ್ಕಿಯ ಪಾಕ ಹಿಡಿಯುವುದರಲ್ಲಿ ಇಡೀ ಓಣಿಗೆ ದೊಡ್ಡವಳು. ಕುದಿಯುವ ಬೆಲ್ಲದ ಒಂದು ಹನಿಯನ್ನು ನೀರಿನ ವಾಟಿಗೆ ಬಿಟ್ಟು, ಗಟ್ಟಿಯಾದ ಮೇಲೆ ತೆಗೆದು ತಾಟಿಗೆ ಎಸೆಯುತ್ತಿದ್ದಳು. ಟಣ್ ಎಂದರೆ ಪಾಕ ಬಂತು. ಆಮೇಲೆ ಶೇಂಗಾ, ಸುಂಠಿ ಪುಡಿ ಹಾಕಿ, ತುಪ್ಪ ಸವರಿದ ಕಟ್ಟಿಗೆಯ ಮಣೆಯ ಮೇಲೆ ಸುರಿದು ಲಟ್ಟಿಸುತ್ತಿದ್ದಳು. ಆಕೆಯ ಚಿಕ್ಕಿಯ ಅಡಿಭಾಗ ಕನ್ನಡಿಯಂತೆ ನುಣ್ಣಗಿರುತ್ತಿತ್ತು. ಅದರ ಬಗ್ಗೆ ಆಕೆಗೆ ಸೊಕ್ಕೂ ಇತ್ತು, ಅದನ್ನು ಮುಚ್ಚಿಡುವ ಗೋಜಿಗೆ ಆಕೆ ಹೋಗುತ್ತಿರಲಿಲ್ಲ.

ಆ ಸೊಕ್ಕಿಗೆ ಪೆಟ್ಟು ಬಿದ್ದದ್ದು ನಮ್ಮ ಕಾಕಾನ ಮದುವೆಯಲ್ಲಿ. ಬೀಗರಿಗೆ ಕೊಟ್ಟು ಕಳಿಸಲು ಆಯಿ ಬುಟ್ಟಿ ತುಂಬ ಚಿಕ್ಕಿ ಮಾಡಿದ್ದಳು. ಹುಮನಾಬಾದಿಗೆ ಕೊಟ್ಟಿದ್ದ ಆಕೆಯ ಸ್ವಂತ ತಂಗಿ, ನಾವು ಸಣ್ಣಾಯಿ ಎನ್ನುತ್ತಿದ್ದ ನೀಲಮ್ಮ, ಒಂದು ತುಂಡು ಬಾಯಿಗೆ ಹಾಕಿಕೊಂಡವಳೇ ಎಲ್ಲರೆದುರಿಗೆ ಹೇಳಿದಳು: "ಅಕ್ಕಾ, ಈ ಸಲ ಪಾಕ ಏರಿ ಕಲ್ಲಾಗೇದ ನೋಡು. ಬೀಗರಿಗೆ ಚಿಕ್ಕಿ ಜೋಡಿ ಒಂದೊಂದು ಜತಿ ಹಲ್ಲೂ ಕೊಟ್ಟು ಕಳಸು."

ಬೀಗರು ನಕ್ಕರು. ಮಂಟಪದಲ್ಲಿದ್ದವರೆಲ್ಲ ನಕ್ಕರು. ಸಣ್ಣಾಯಿ ಚೇಷ್ಟೆಗೇ ಆಡಿದ ಮಾತದು. ಆಯಿ ಮಾತ್ರ ನಗಲಿಲ್ಲ. ಅವತ್ತಿನಿಂದ ತಂಗಿಯ ಜೊತೆ ಮಾತು ಬಿಟ್ಟಳು, ಚಿಕ್ಕಿ ಮಾಡುವುದನ್ನೂ ಬಿಟ್ಟಳು. ತವರೂರು ರಾಜೇಶ್ವರದಲ್ಲಿ ಒಂದೇ ಚಾದರದಲ್ಲಿ ಮಲಗಿ ಬೆಳೆದ ಅಕ್ಕತಂಗಿಯರು ಎರಡು ಸಂಕ್ರಾಂತಿ ಒಬ್ಬರಿಗೊಬ್ಬರು ಎಳ್ಳು ಕೊಡಲಿಲ್ಲ. ಜಗಳವಾಡಿದ ನೆರೆಯವರು ಕೂಡ ಸಂಕ್ರಾಂತಿಗೆ ಎಳ್ಳು ಕೊಟ್ಟು ಮಾತಾಡಿಸುವ ಊರು ನಮ್ಮದು.

ಅದೇ ಮದುವೆಯಲ್ಲಿ ಬೀಗರು ಕೊಟ್ಟದ್ದು ಮೈಕ್ರೋವೇವ್. ಕಾಕಾ-ಕಾಕು ಪುಣೆಯ ಬಾಡಿಗೆ ಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ನಮ್ಮ ಮೇಲಿನ ಖೋಲಿಯಲ್ಲೇ ಬಿಟ್ಟು ಹೋಗಿದ್ದರು. ಅವ್ವ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದಳು. ಕಾಕು ಬಂದಾಗೊಮ್ಮೆ ಅದರಲ್ಲಿ ಹಾಲು ಕಾಯಿಸಿ ತೋರಿಸಿ, ಗಾಜಿನ ಬೋಗುಣಿಯೊಂದನ್ನು ಕೊಟ್ಟು, ಸ್ಟೀಲ್ ಮಾತ್ರ ತಪ್ಪಿಯೂ ತರಬೇಡಿ, ಕಿಡಿ ಹಾರುತ್ತದೆ ಎಂದು ಹೇಳಿ ಹೋಗಿದ್ದಳು. ಅವ್ವನಿಗೆ ನೆನಪಿದ್ದದ್ದು ಇದೊಂದೇ ಪಾಠ.

ಆ ವರ್ಷ ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹುಮನಾಬಾದಿನಿಂದ ಸಣ್ಣಾಯಿಯ ಮಗ ಚಂದು ಕಾಕಾ ಫೋನು ಮಾಡಿದ. ಸಣ್ಣಾಯಿಗೆ ಎದೆಯ ಆಪರೇಷನ್ ಆಗಬೇಕಂತೆ. ಹೈದರಾಬಾದಿನ ಡಾಕ್ಟರು ಬರಹೇಳಿದ್ದು ಸಂಕ್ರಾಂತಿಯ ಮರುದಿನ, ಅದೂ ಕರಿಯ ದಿನ. ಅವತ್ತು ನಮ್ಮ ಕಡೆ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಊರು ಬಿಡುವುದಿಲ್ಲ. ಡಾಕ್ಟರಿಗೆ ಅದನ್ನು ಹೇಳುವವರು ಯಾರು.

"ಅವ್ವ ಬಾಯಿ ಬಿಟ್ಟು ಹೇಳಲ್ರಿ ವೈನಿ," ಎಂದನಂತೆ ಚಂದು ಕಾಕಾ ನಮ್ಮ ಅವ್ವನಿಗೆ. "ಆದ್ರ ದಿನಾ ಬಾಗಲ ಕಡೀಗೇ ಮಾರಿ ಮಾಡಿ ಮಲಗಾಕತ್ತಾಳ. ದೊಡ್ಡವ್ವ ಒಮ್ಮೆ ಬಂದು ಹೋದ್ರ ಛಲೋ ಇತ್ತು."

ಅವ್ವ ಹೋಗಿ ಆಯಿಗೆ ಹೇಳಿದಳು. ಆಯಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅತ್ಯಾರ, ಒಂದ್ ಸಲ ಹೋಗಿ ಎಳ್ಳು ಕೊಟ್ಟು ಬರ್ರಿ. ಮುಂದಿನ ಮಾತು ಯಾರಿಗ್ಗೊತ್ತು."

"ಆಕಿ ಹಲ್ಲು ಗಟ್ಟಿ ಆದ ಮ್ಯಾಲ ಬರ್ತೀನಂತ ಹೇಳು."

ಅಷ್ಟೇ. ಆದರೆ ಆಮೇಲೆ ನೋಡಿದರೆ, ಆರಿಸಿದ ಅಕ್ಕಿಯನ್ನೇ ಆಕೆ ಮತ್ತೆ ಮೊರಕ್ಕೆ ಸುರಿದುಕೊಂಡು ಮೊದಲಿನಿಂದ ಆರಿಸುತ್ತಿದ್ದಳು. ನನಗೆ ಆಗ ಆಯಿಯ ಮೇಲೆ ಬಹಳ ಸಿಟ್ಟು ಬಂದಿತ್ತು. ಸಣ್ಣಾಯಿ ನನಗೆ ತಲೆ ಬಾಚಿ ಕನಕಾಂಬರ ಮುಡಿಸುತ್ತಿದ್ದವಳು. ದುಬಲಗುಂಡಿಯಲ್ಲಿದ್ದ ನಮ್ಮ ಅವ್ವನನ್ನು ಈ ಮನೆಗೆ ಸೊಸೆಯಾಗಿ ಹುಡುಕಿ ತಂದವಳೂ ಅವಳೇ. ಅವ್ವನಿಗೆ ಆ ಋಣ ಇತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಅವಳು ನನ್ನನ್ನು ಹಿತ್ತಲಿಗೆ ಕರೆದೊಯ್ದು, "ಪಲ್ಲೂ, ನಾಳೆ ಸಣ್ಣಾಯಿಗೆ ಏನರ ಆದ್ರ ನಿಮ್ಮಾಯಿ ಉಳದ ಜನ್ಮ ಅಳತಾಳ. ಚಿಕ್ಕಿ ನಾವೇ ಮಾಡಿ, ಆಯಿ ಕಳಸ್ಯಾಳಂತ ಕೊಟ್ಟು ಬರೋಣು," ಎಂದಳು.

ಕೆಳಗಿನ ಒಲೆಯಲ್ಲಿ ಮಾಡುವಂತಿರಲಿಲ್ಲ. ಅಡುಗೆಮನೆ ಆಯಿಯ ರಾಜ್ಯ, ಅಲ್ಲಿ ಒಂದು ವಾಟಿ ಸರಿದರೂ ಆಕೆಗೆ ಗೊತ್ತಾಗುತ್ತಿತ್ತು. ಉಳಿದದ್ದು ಮೇಲಿನ ಖೋಲಿಯ ಮೈಕ್ರೋವೇವ್.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಆಯಿ ಎರಡು ಗಂಟೆಗೆ ಭಜನೆಗೆ ಹೋದಳು. ಮೂರಕ್ಕೆ ಕರೆಂಟು ತೆಗೆಯುತ್ತಿದ್ದರು. ಮೂರೂವರೆಗೆ ಭಜನೆ ಮುಗಿಯುತ್ತಿತ್ತು. ಅವ್ವ ಬಾಗಿಲಿಗೆ ಅಗಳಿ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ಶೇಂಗಾ, ಬೆಲ್ಲ, ತುಪ್ಪ ಮೇಲೆ ತಂದಳು. ಗಾಜಿನ ಬೋಗುಣಿಯಲ್ಲಿ ಶೇಂಗಾ ಹಾಕಿ ಒಂದೊಂದು ನಿಮಿಷ ತಿರುಗಿಸಿ, ತೆಗೆದು ಕೈಯಾಡಿಸಿ ಮತ್ತೆ ಇಟ್ಟೆವು. ನಾಲ್ಕನೆಯ ಸಲಕ್ಕೆ ಹುರಿದ ವಾಸನೆ ಬಂತು. ಟವೆಲ್ಲಿನಲ್ಲಿ ತಿಕ್ಕಿ ಸಿಪ್ಪೆ ಹಾರಿಸುವುದು ನನ್ನ ಕೆಲಸ. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಬೆಲ್ಲಕ್ಕೆ ಬಂದಾಗ ಅವ್ವ ಒಲೆಯ ಲೆಕ್ಕದಲ್ಲಿ ಒಮ್ಮೆಗೇ ಐದು ನಿಮಿಷ ಇಟ್ಟಳು. ಮೂರು ನಿಮಿಷವಾಗುವಷ್ಟರಲ್ಲಿ ಬೆಲ್ಲ ಬುಸ್ಸೆಂದು ಉಬ್ಬಿತು, ಒಳಗೆ ಹೊಗೆ ತುಂಬಿತು. ತೆಗೆದು ನೋಡಿದರೆ ಡಾಂಬರು. ಸುಟ್ಟ ವಾಸನೆ ಖೋಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಪಡಸಾಲೆಗೆ ಇಳಿಯತೊಡಗಿತು. ನಾನು ಚಾದರ ಬೀಸಿ ಬೀಸಿ ಕಿಟಕಿಯಿಂದ ಹೊಗೆ ಓಡಿಸಿದೆ. ಅವ್ವ ಬೋಗುಣಿ ತಿಕ್ಕಿಕೊಂಡು ಬಂದಾಗ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. ಉಳಿದ ಬೆಲ್ಲ ಒಂದೇ ಸಲಕ್ಕಾಗುವಷ್ಟಿತ್ತು.

"ಜರಾ ಜರಾ ಇಡು ಅವ್ವಾ," ಎಂದೆ.

ಒಂದು ನಿಮಿಷ. ತೆಗೆದು ಕಲಕಿದಳು. ನೀರಿಗೆ ಹನಿ ಬಿಟ್ಟಳು, ಕರಗಿತು. ಮತ್ತೊಂದು ನಿಮಿಷ. ಹನಿ ಮೆತ್ತಗೆ ಬೆರಳಿಗೆ ಅಂಟಿತು. ನಾನು ಗಾಜಿನ ಬಾಗಿಲಿಗೆ ಮೂಗು ಹಚ್ಚಿ ನಿಂತಿದ್ದೆ. ಹಳದಿ ಬೆಳಕಿನಲ್ಲಿ ಬೋಗುಣಿ ತಿರುಗುತ್ತಿತ್ತು, ಬೆಲ್ಲ ನೊರೆ ಕಟ್ಟುತ್ತಿತ್ತು. ಮೂರನೆಯ ನಿಮಿಷ ಅರ್ಧಕ್ಕೆ ಬಂದಿತ್ತು. ಫಕ್ಕನೆ ಬೆಳಕು ಆರಿತು. ಅವತ್ತು ಕರೆಂಟು ಐದು ನಿಮಿಷ ಮೊದಲೇ ಹೋಯಿತು.

ಅವ್ವ ಗೋಡೆ ಹಿಡಿದು ಕೂತುಬಿಟ್ಟಳು. ನಾನೇ ಬಾಗಿಲು ತೆಗೆದು ಚಮಚದಿಂದ ಹನಿ ಬಿಟ್ಟೆ. ಎಸೆದು ನೋಡಲು ತಾಟಿರಲಿಲ್ಲ, ನೆಲದ ಹಾಸುಗಲ್ಲಿನ ಮೇಲೆ ಎಸೆದೆ. ಟಣ್ ಎನ್ನಲಿಲ್ಲ, ಟಪ್ ಎಂದೂ ಅನ್ನಲಿಲ್ಲ, ನಡುವಿನ ಯಾವುದೋ ಸದ್ದು.

"ಬಂದದ," ಎಂದೆ. ಬಂದಿರಲೇಬೇಕಿತ್ತು.

ಶೇಂಗಾ ಸುರಿದು ಕಲಸಿದೆವು. ಹರವಲು ತಾಟು ಬೇಕಲ್ಲ. ಸ್ಟೀಲಿನ ತಾಟು ತರುತ್ತೇನೆಂದರೆ ಅವ್ವ ಬೇಡವೆಂದು ಕೈ ಹಿಡಿದಳು. ಕರೆಂಟೇ ಇಲ್ಲದ ಖೋಲಿಯಲ್ಲಿ, ಮೈಕ್ರೋವೇವಿನ ಹೊರಗೆ ಕೂಡ ಸ್ಟೀಲ್ ಬಂದರೆ ಕಿಡಿ ಹಾರುತ್ತದೆಂದು ಅವಳ ನಂಬಿಕೆ. ಒಳಗೆ ತಿರುಗುವ ಗಾಜಿನ ತಟ್ಟೆಯನ್ನೇ ತೆಗೆದು, ತುಪ್ಪ ಸವರಿ, ಅದರ ಮೇಲೆಯೇ ಹರವಿದಳು. ಆಮೇಲೆ ಸ್ಟೀಲಿನ ಚಾಕುವಿನಿಂದಲೇ ಗೀರು ಹಾಕಿದಳು, ಅದು ಅವಳಿಗೆ ಹೊಳೆಯಲಿಲ್ಲ.

ಕೆಳಗೆ ಬಾಗಿಲು ಬಡಿದ ಸದ್ದು, ಅವ್ವ ಓಡಿ ಹೋಗಿ ಅಗಳಿ ತೆಗೆದಳು. ಆಯಿ ಬಂದಳು. ಹೊಸ್ತಿಲಲ್ಲೇ ನಿಂತು ಮೂಗು ಏರಿಸಿದಳು.

"ಬೆಲ್ಲ ಹೊತ್ತಿದ ವಾಸನಿ ಎಲ್ಲಿಂದ?"

"ಬಾಜೂ ಮನಿಯವ್ರು ಮಾಡಾಕತ್ತಾರ್ರಿ," ಎಂದಳು ಅವ್ವ.

"ಪಾಕ ಗೊತ್ತಿಲ್ಲಂದ್ರ ಯಾಕ ಮಾಡಬೇಕು," ಎಂದು ಆಯಿ ಕಾಲು ತೊಳೆಯಲು ಹೋದಳು.

ಸಂಕ್ರಾಂತಿಯ ದಿನ, ತವರಿಗೆ ಎಳ್ಳು ಕೊಟ್ಟು ಬರುತ್ತೇನೆಂದು ಹೇಳಿ ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ಚಿಕ್ಕಿಯನ್ನು ತುಂಬಿದ್ದು ಆಯಿಯ ಡಬ್ಬಿಯಲ್ಲೇ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಶರಣಮ್ಮ ಎಂದು ಕೊರೆಸಿದ ಸ್ಟೀಲಿನ ಡಬ್ಬಿ. ಹೆಸರು ಕಂಡರೆ ಸಣ್ಣಾಯಿ ನಂಬುತ್ತಾಳೆಂದು ಅವ್ವನ ಲೆಕ್ಕ. ಬಸ್ಸಿನಲ್ಲಿ ಹುಮನಾಬಾದಿನವರೆಗೂ ನನಗೆ ಗಿಳಿಪಾಠ: "ಆಯಿ ಖುದ್ದ ಮಾಡ್ಯಾಳ, ಮೊಣಕಾಲು ನೋವದಂತ ಬಂದಿಲ್ಲ. ಇಷ್ಟೇ ಹೇಳು. ಹೆಚ್ಚಿಗಿ ಮಾತಾಡಬ್ಯಾಡ."

ಸಣ್ಣಾಯಿ ಪಡಸಾಲೆಯ ಮಂಚದ ಮೇಲಿದ್ದಳು. ಮುಖ ಇಳಿದು ಹೋಗಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಬ್ಬಿಯ ಮೇಲಿನ ಹೆಸರನ್ನು ಬೆರಳಿನಿಂದ ಸವರಿದಳು. ಅವ್ವ ಗಿಳಿಪಾಠ ಒಪ್ಪಿಸಿ, ಚಂದು ಕಾಕಾನ ಹೆಂಡತಿಗೆ ಚಹಾ ಮಾಡಲು ನೆರವಾಗುವ ನೆಪದಲ್ಲಿ ಒಳಗೆ ಹೋದಳು. ಓಡಿ ಹೋದಳೆಂದರೂ ತಪ್ಪಿಲ್ಲ.

ಸಣ್ಣಾಯಿ ಒಂದು ತುಂಡು ತೆಗೆದು ತಿರುಗಿಸಿದಳು. ಅಡಿಭಾಗದಲ್ಲಿ ಗಾಜಿನ ತಟ್ಟೆಯ ಸುತ್ತುಸುತ್ತಿನ ಗೀರುಗಳು ಬಳೆಯ ಅಚ್ಚಿನಂತೆ ಮೂಡಿದ್ದವು. ನಾವಿಬ್ಬರೂ ಅದನ್ನು ತಿರುಗಿಸಿ ನೋಡಿರಲೇ ಇಲ್ಲ. ಅವಳು ಚೂರು ಕಚ್ಚಿ, ಬಹಳ ಹೊತ್ತು ಅಗಿದಳು.

"ಪಲ್ಲೂ, ಇಲ್ಲಿ ಬಾ. ಖರೆ ಹೇಳು, ಇದು ಯಾರು ಮಾಡ್ಯಾರ?"

"ಆಯಿ ಖುದ್ದ ಮಾಡ್ಯಾಳ."

"ನಿಮ್ಮಾಯಿ ಕಟಗಿ ಮಣಿ ಬಿಟ್ಟು ಬ್ಯಾರೆದರ ಮ್ಯಾಲ ಲಟ್ಟಿಸಾಕಿ ಅಲ್ಲ. ಸುಂಠಿ ಇಲ್ಲದ ಚಿಕ್ಕಿ ಆಕಿ ಜನ್ಮದಾಗ ಮಾಡಿಲ್ಲ."

ನಾನು ಒಳಬಾಗಿಲ ಕಡೆ ನೋಡಿದೆ. ಒಳಗೆ ಅವ್ವ ಕಪ್ಪು ಜೋಡಿಸುವ ಸದ್ದು ಕೇಳುತ್ತಿತ್ತು. ಸುಳ್ಳು ಹೇಳಿದರೆ ಸಣ್ಣಾಯಿ ಹೀಗೆಯೇ ಆಪರೇಷನ್ನಿಗೆ ಹೋಗುತ್ತಾಳೆ, ಖರೆ ಹೇಳಿದರೆ ಇನ್ನೂ ನೊಂದು ಹೋಗುತ್ತಾಳೆ. ಹತ್ತು ವರ್ಷದ ಹುಡುಗಿಗೆ ಯಾವುದು ಸರಿ ಎಂದು ಹೇಗೆ ತಿಳಿಯಬೇಕು. ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ, ಡಾಂಬರಿನಂತೆ ಸುಟ್ಟಿದ್ದರ ಸಮೇತ.

ಸಣ್ಣಾಯಿ ಕಣ್ಣು ಮುಚ್ಚಿಕೊಂಡಳು. ನಾನು ಅವಳಿಗೆ ಏನೋ ಆಗಿಹೋಯಿತೆಂದು ಹೆದರಿದೆ. ಆಮೇಲೆ ಮೆಲ್ಲಗೆ ನನ್ನ ಕಣ್ಣು ಒರೆಸಿ, ಒಂದು ತುಂಡು ಚಿಕ್ಕಿಯನ್ನು ಕಾಗದದಲ್ಲಿ ಸುತ್ತಿ ನನ್ನ ಫ್ರಾಕಿನ ಕಿಸೆಗೆ ತುರುಕಿದಳು. ಡಬ್ಬಿಯನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

"ನಿಮ್ಮವ್ವಗ ಏನೂ ಹೇಳಬ್ಯಾಡ, ಪಾಪ. ನಿಮ್ಮಾಯಿ ಡಬ್ಬಿ ಎಲ್ಲಿ ಅಂತ ಕೇಳ್ತಾಳ. ಆವಾಗ ಈ ಚಿಕ್ಕಿ ಕೈಯಾಗ ಕೊಡು. ಡಬ್ಬಿ ಬೇಕಂದ್ರ ಆಕಿನೇ ಬಂದು ಒಯ್ಯಲಿ ಅಂತ ಹೇಳು. ನಾಳೆ ಎಂಟಕ್ಕ ನಾ ಹೊಂಡತೀನಿ."

ತಿರುಗಿ ಹೊರಡುವಾಗ ಅವ್ವ ಡಬ್ಬಿ ಕೇಳಿದಳು. ಏನಾದರೂ ತುಂಬಿ ಆಮೇಲೆ ಕಳಿಸುತ್ತೇನೆ ಎಂದಳು ಸಣ್ಣಾಯಿ. ಬಂದ ಪಾತ್ರೆಯನ್ನು ಖಾಲಿ ಕೊಡಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವ್ವ ಹೆಚ್ಚು ಕೇಳಲಾಗದೆ ಬಂದಳು. ದಾರಿಯುದ್ದಕ್ಕೂ ನನ್ನ ಕಿಸೆಯಲ್ಲಿ ಕೆಂಡ ಇದ್ದಂತಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಆಯಿ ಉಳಿದ ಕುಸುರೆಳ್ಳು ತುಂಬಿಡಲು ಪಡಸಾಲೆಯ ಗೋಡೆಯ ಮಾಡಕ್ಕೆ ಕೈ ಹಾಕಿದಳು.

"ನನ್ನ ಡಬ್ಬಿ ಎಲ್ಲಿ?"

ಅವ್ವ ಬಾಗಿಲ ಕಡೆ ಸರಿದಳು. ನಾನು ಮುಂದೆ ಹೋಗಿ ಕಾಗದದ ಪೊಟ್ಟಣ ಆಯಿಯ ಕೈಗಿಟ್ಟೆ. "ಸಣ್ಣಾಯಿ ಇಟ್ಕೊಂಡಾಳ. ಬೇಕಂದ್ರ ನೀನೇ ಬಂದು ಒಯ್ಯಬೇಕಂತ. ನಾಳೆ ಎಂಟಕ್ಕ ಹೊಂಡತಾಳಂತ."

ಆಯಿ ಪೊಟ್ಟಣ ಬಿಚ್ಚಿದಳು. ತುಂಡನ್ನು ತಿರುಗಿಸಿದಳು. ದೀಪದ ಹತ್ತಿರ ಹಿಡಿದು ಆ ಗೀರುಗಳನ್ನು ನೋಡಿದಳು. ಅವ್ವ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು, ಅಪ್ಪ ಓದುತ್ತಿದ್ದ ಪೇಪರ್ ಕೆಳಗಿಟ್ಟ. ಆಯಿ ಕಚ್ಚಿದಳು.

"ಸುಂಠಿ ಇಲ್ಲ," ಎಂದಳು. "ಪಾಕ ಅರ್ಧಾ ಬಂದದ. ಹಲ್ಲಿಗಿ ಹತ್ತತದ. ಇದನ್ನ ನನ್ನ ಡಬ್ಬ್ಯಾಗ ಹಾಕಿ, ನನ್ನ ಹೆಸರಿಲೆ ಕೊಟ್ಟು ಬಂದೀರಿ?"

"ತಪ್ಪಾತ್ರಿ ಅತ್ಯಾರ."

"ಎರಡು ವರ್ಷದ ಹಿಂದ ಕಲ್ಲು, ಈಗ ಅಂಟು. ಹುಮನಾಬಾದ ತುಂಬ ನನ್ನ ಮಾನ ಏನ ಉಳೀತು." ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒರೆಸಿದ್ದು ಬಾಯಿ ಒಂದೇ ಅಲ್ಲ. "ಬೆಲ್ಲ ಎಷ್ಟದ ಮನ್ಯಾಗ?"

ಅವ್ವ ಅಪ್ಪನ ಮುಖ ನೋಡಿದಳು.

"ಏ ಪಲ್ಲೂ, ಬೆಲ್ಲ ತಗೊಂಬಾ. ಮುಂಜಾನಿ ಮೊದಲನೇ ಬಸ್ ಎಷ್ಟಕ್ಕದ?"

"ನಾಳೆ ಕರಿ ಅದ ಅವ್ವ," ಎಂದ ಅಪ್ಪ.

"ಡಬ್ಬಿ ತರಾಕ ಹೋದ್ರ ಕರಿ ನನಗೇನ ಮಾಡ್ತದ."

ಎರಡು ವರ್ಷದ ಮೇಲೆ ನಮ್ಮ ಅಡುಗೆಮನೆಯಲ್ಲಿ ಬೆಲ್ಲ ಜಜ್ಜುವ ಸದ್ದು ಕೇಳಿತು. ತಾಟಿನ ಮೇಲೆ ಹನಿ ಟಣ್ ಎಂದಿತು.

ಬೆಳಿಗ್ಗೆ ಆರೂವರೆಗೇ ಆಯಿ, ಅವ್ವ, ನಾನು ಮೂವರೂ ಬಸ್ಸಿನಲ್ಲಿದ್ದೆವು. ಮಂಜು ಮುಸುಕಿತ್ತು. ಆಯಿ ಹೊಸ ಚಿಕ್ಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ತಾನು ಡಬ್ಬಿಗಾಗಿಯೇ ಹೊರಟಿರುವುದು ಎಂದು ಕಂಡಕ್ಟರಿಗೂ ಹೇಳಿದಳು. ರಾಜೇಶ್ವರ ದಾಟುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿ ಮಗುಚಿ, ರಸ್ತೆ ತುಂಬ ಕಬ್ಬು ಬಿದ್ದಿತ್ತು. ಏಳಾಯಿತು, ಏಳೂಕಾಲಾಯಿತು. ಆಯಿ ಐದು ನಿಮಿಷಕ್ಕೊಮ್ಮೆ ನನ್ನನ್ನು ಟೈಮು ಕೇಳುತ್ತಿದ್ದಳು. ಕೊನೆಗೆ ತಾನೇ ಇಳಿದು, ಕಬ್ಬು ಸರಿಸುತ್ತಿದ್ದವರ ನಡುವೆ ನಿಂತು, "ಜಲ್ದಿ ಮಾಡ್ರೆಪಾ, ನನ್ನ ತಂಗಿ ದವಾಖಾನಿಗಿ ಹೊಂಟಾಳ," ಎಂದಳು. ತಂಗಿ ಎಂಬ ಮಾತು ಆಕೆಯ ಬಾಯಿಂದ ಎರಡು ವರ್ಷದಲ್ಲಿ ಬಂದದ್ದು ಅದೇ ಮೊದಲು. ನಾನು ಕಿಟಕಿಯಿಂದ ಕೇಳಿದೆ.

ಹುಮನಾಬಾದ ಮುಟ್ಟಿದಾಗ ಎಂಟೂ ಇಪ್ಪತ್ತು. ಆಯಿ ಮೊಣಕಾಲಿನ ನೋವು ಮರೆತು ಓಣಿಯಲ್ಲಿ ನಡೆದದ್ದಲ್ಲ, ಓಡಿದ್ದು. ಮನೆಯ ಮುಂದೆ ಕಾರು ಚಾಲೂ ಆಗಿಯೇ ನಿಂತಿತ್ತು. ಚಂದು ಕಾಕಾ ಬಾಗಿಲು ತೆಗೆದು ಹಿಡಿದು ಬೇಡಿಕೊಳ್ಳುತ್ತಿದ್ದ. ಸಣ್ಣಾಯಿ ಕಟ್ಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಡಬ್ಬಿ.

"ಇನ್ನೂ ಹತ್ತು ನಿಮಿಷ ನೋಡತೀನಿ ಅಂದೆನಲ್ಲ," ಎನ್ನುತ್ತಿದ್ದವಳು ನಮ್ಮನ್ನು ಕಂಡು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಯಿ ಏದುಸಿರು ಬಿಡುತ್ತ ಎದುರಿಗೆ ನಿಂತಳು. "ನನ್ನ ಡಬ್ಬಿ ಕೊಡು."

"ಮೊದಲ ಕೈಯಾಗಿಂದು ಕೊಡು."

ಆಯಿ ಗಂಟು ಬಿಚ್ಚಿ ಒಂದು ತುಂಡು ಅವಳ ಬಾಯಿಗೇ ಇಟ್ಟಳು. ಕಟುಂ ಎಂದು ಮುರಿದ ಸದ್ದು ನನಗೂ ಕೇಳಿತು. ಸಣ್ಣಾಯಿ ಅಗಿದಳು. ಆಯಿ ಅವಳ ಬಾಯನ್ನೇ ನೋಡುತ್ತಿದ್ದಳು. ನನ್ನ ಪರೀಕ್ಷೆಯ ರಿಸಲ್ಟಿನ ದಿನವೂ ನಾನು ಹಾಗೆ ಯಾರ ಮುಖವನ್ನೂ ನೋಡಿಲ್ಲ.

"ಕಲ್ಲಾಗೇದೇನು?" ಎಂದಳು ಆಯಿ.

"ಬರೋಬರಿ ಅದ. ಆವತ್ತೂ ಬರೋಬರಿನೇ ಇತ್ತು. ಸುಮ್ಮ ಅಂದಿದ್ದೆ."

ಆಯಿ ಅಲ್ಲೇ ಕಟ್ಟೆಯ ಮೇಲೆ ಕೂತು, ತಂಗಿಯ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಅವ್ವ ಅತ್ತಳು, ನಾನೂ ಅತ್ತೆ. ಚಂದು ಕಾಕಾ ಗಡಿಯಾರ ನೋಡಿಕೊಂಡ. ಕಾರು ಹತ್ತುವಾಗಲೂ ಸಣ್ಣಾಯಿ ಡಬ್ಬಿ ಬಿಡಲಿಲ್ಲ.

"ಅದನ್ನರ ಕೊಟ್ಟು ಹೋಗು," ಎಂದಳು ಆಯಿ.

"ಖಾಲಿ ಡಬ್ಬಿ ಹ್ಯಾಂಗ ಕೊಡಲಿ? ವಾಪಸ್ ಬಂದು ತುಂಬಿ ಕೊಡತೀನಿ."

ಆಮೇಲಿನ ದಿನಗಳಲ್ಲಿ ಆಯಿ ಫೋನು ಇದ್ದ ಖೋಲಿ ಬಿಟ್ಟು ಕದಲಲಿಲ್ಲ. ಆಪರೇಷನ್ ಸುಸೂತ್ರವಾಗಿ ಮುಗಿದು ಸಣ್ಣಾಯಿ ಮನೆಗೆ ಬಂದಳು. ಇಪ್ಪತ್ತನೆಯ ದಿನ ಚಂದು ಕಾಕಾ ಡಬ್ಬಿ ತಂದುಕೊಟ್ಟ. ಅದರ ತುಂಬ ಸಣ್ಣಾಯಿ ಕೂತಲ್ಲೇ ಕೂತು ಕಟ್ಟಿದ ಎಳ್ಳುಂಡೆ. ಆಯಿ ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು, ಬೆಲ್ಲ ಕಡಿಮೆಯಾಗಿದೆ ಎಂದು ಅಂದೇ ಫೋನು ಮಾಡಿ ಹೇಳಿದಳು.

ಅಲ್ಲಿಂದ ಏಳು ವರ್ಷ ಆ ಡಬ್ಬಿ ಒಂದು ಮನೆಯಲ್ಲಿ ತಿಂಗಳಿಗಿಂತ ಹೆಚ್ಚು ನಿಲ್ಲಲಿಲ್ಲ. ಕಲ್ಯಾಣದಿಂದ ಹುಮನಾಬಾದಿಗೆ ಚಿಕ್ಕಿ, ಅಲ್ಲಿಂದ ಇಲ್ಲಿಗೆ ಉಂಡೆ, ಚಕ್ಕುಲಿ, ಒಮ್ಮೆ ಬರೀ ಹುಣಸೆಹಣ್ಣು. ಖಾಲಿಯಾಗಿ ಮಾತ್ರ ಬರಲಿಲ್ಲ, ಹೋಗಲಿಲ್ಲ. ಆಯಿ ತೀರಿಕೊಂಡಾಗ ಅದು ಹುಮನಾಬಾದಿನಲ್ಲಿತ್ತು. ಆಯಿಯನ್ನು ಮಣ್ಣು ಮಾಡುವ ದಿನ ಬಂದ ಸಣ್ಣಾಯಿ ಅದನ್ನು ತಂದು ನನ್ನ ಕೈಗಿಟ್ಟಳು. ಒಳಗೆ ಏನೂ ಇರಲಿಲ್ಲ. "ಇನ್ನ ಯಾರಿಗಂತ ತುಂಬಲವ್ವ," ಎಂದಳು. ಎರಡು ವರ್ಷಕ್ಕೆ ಅವಳೂ ಹೋದಳು.

ಈಗ ನನ್ನ ಮನೆಯಲ್ಲೂ ಮೈಕ್ರೋವೇವ್ ಇದೆ. ಒಂದೊಂದು ನಿಮಿಷದ ಲೆಕ್ಕ ನನಗೆ ಬಾಯಿಪಾಠ, ಪಾಕ ಕೆಡುವುದಿಲ್ಲ, ಹತ್ತು ನಿಮಿಷದಲ್ಲಿ ಚಿಕ್ಕಿ ಸಿದ್ಧ. ಸುಂಠಿ ಮರೆಯುವುದಿಲ್ಲ. ಗೀರು ಮೂಡುವುದು ಗೊತ್ತಿದ್ದೂ ಗಾಜಿನ ತಟ್ಟೆಯ ಮೇಲೆಯೇ ಹರವುತ್ತೇನೆ. ಮನೆಯವರು ಮೊಬೈಲ್ ನೋಡುತ್ತ ತಿಂದು, ಚೆನ್ನಾಗಿದೆ ಎನ್ನುತ್ತಾರೆ. ಅಡಿಭಾಗ ತಿರುಗಿಸಿ ನೋಡುವವರಿಲ್ಲ, ಯಾರು ಮಾಡಿದ್ದೆಂದು ಕೇಳುವವರಿಲ್ಲ, ಕಲ್ಲಾಗಿದೆ ಎಂದು ಅಂದು ನನ್ನನ್ನು ಎರಡು ವರ್ಷ ಅಳಿಸುವಷ್ಟು ಹತ್ತಿರದವರೂ ಯಾರೂ ಇಲ್ಲ. ಪ್ರತಿ ಸಂಕ್ರಾಂತಿಗೆ ಶರಣಮ್ಮನ ಡಬ್ಬಿಯ ತುಂಬ ಚಿಕ್ಕಿ ತುಂಬುತ್ತೇನೆ. ಮುಚ್ಚಳ ಹಾಕಿದ ಮೇಲೆ ಅದನ್ನು ಯಾವ ಬಸ್ಸಿಗೆ ಹತ್ತಿಸಬೇಕೆಂದು ತಿಳಿಯದೆ, ಮತ್ತೆ ಗೋಡೆಯ ಮಾಡದಲ್ಲೇ ಇಡುತ್ತೇನೆ.